ಒಬ್ಬರೇ ಇರುವ ಮನೆಗೆ ಲೈಟ್ ಬಿಲ್ ಎಷ್ಟು?

ತಿಕೋಟಾ, ಬಬಲೇಶ್ವರಗಳು ತಾಲ್ಲೂಕು ಕೇಂದ್ರಗಳಾದ ಮೇಲೆ ಅಲ್ಲಿನ ಕಚೇರಿ, ಶಾಲೆ, ಬ್ಯಾಂಕುಗಳಿಗೆ ವರ್ಗವಾಗಿ ಬರುವವರಲ್ಲಿ ಹಲವರು ಮನೆ ಮಾಡುವುದು ವಿಜಯಪುರದಲ್ಲಿ. ಸಂಸಾರ ಊರಲ್ಲಿ, ನೌಕರಿ ಇಲ್ಲಿ. ಇಷ್ಟು ದಿನದ ವಾಸಕ್ಕೆ ಗ್ಯಾಸ್ ಸಂಪರ್ಕ ಯಾಕೆಂದು ಇಂಡಕ್ಷನ್ ಒಲೆ, ಗೀಸರ್, ಪುಟ್ಟ ಫ್ರಿಜ್ ಇಟ್ಟುಕೊಳ್ಳುತ್ತಾರೆ. ಅಡುಗೆ, ಸ್ನಾನ, ಗಾಳಿ, ಬೆಳಕು ಎಲ್ಲವೂ ಕರೆಂಟಿನಿಂದಲೇ. ಮೊದಲ ತಿಂಗಳ ಬಿಲ್ ಕೈಗೆ ಬಂದಾಗ ಹುಟ್ಟುವ ಪ್ರಶ್ನೆ ಒಂದೇ: ‘ಇರುವುದು ನಾನೊಬ್ಬ, ಇಷ್ಟು ಸುಟ್ಟದ್ದು ಯಾವುದು?’

ಉತ್ತರ ಮೀಟರಿನಲ್ಲೂ ಇದೆ, ಬಿಲ್ಲಿನ ಹಿಂದಿನ ಲೆಕ್ಕದಲ್ಲೂ ಇದೆ. ಎರಡನ್ನೂ ಓದಲು ಬರಬೇಕು, ಅಷ್ಟೇ.

ಯೂನಿಟ್ ಎಂದರೇನು?

ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ಎರಡು ಸಾವಿರ ವ್ಯಾಟಿನ ಗೀಸರ್ ಅರ್ಧ ಗಂಟೆಯಲ್ಲಿ ಅಷ್ಟನ್ನು ಮುಗಿಸುತ್ತದೆ. 75 ವ್ಯಾಟಿನ ಹಳೆಯ ಫ್ಯಾನಿಗೆ ಹದಿಮೂರು ಗಂಟೆ ಬೇಕು. ದೊಡ್ಡ ವ್ಯಾಟಿನದ್ದೆಲ್ಲ ದುಬಾರಿ ಎಂಬುದು ಸಾಮಾನ್ಯ ನಂಬಿಕೆ. ಅದು ಅರ್ಧ ಸತ್ಯ. ಒಂದು ಬಕೆಟ್ ನೀರನ್ನು ಸ್ನಾನಕ್ಕೆ ಬಿಸಿ ಮಾಡಲು ಬೇಕಾದ ಶಕ್ತಿ ಗೀಸರಿಗೂ, ಬಕೆಟ್ಟಿನಲ್ಲಿ ಇಳಿಬಿಡುವ ಸಾವಿರ ವ್ಯಾಟಿನ ರಾಡಿಗೂ ಹೆಚ್ಚುಕಡಿಮೆ ಒಂದೇ. ರಾಡಿಗೆ ಹೊತ್ತು ಎರಡರಷ್ಟು ಹಿಡಿಯುತ್ತದೆ, ಖರ್ಚು ಇಳಿಯುವುದಿಲ್ಲ. ಗೀಸರಿನಲ್ಲಿ ಹಣ ಸೋರುವುದು ಸ್ವಿಚ್ ಹಾಕಿ ಮರೆತಾಗ. ಒಬ್ಬರ ಸ್ನಾನ ಮುಗಿದರೂ ಟ್ಯಾಂಕಿನ ನೀರು ತಣಿಯುವುದು, ಮತ್ತೆ ಕಾಯುವುದು ದಿನವಿಡೀ ನಡೆದೇ ಇರುತ್ತದೆ.

ಅನುಮಾನವಿದ್ದವರು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮೀಟರಿನ ಮೇಲೆ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿಣುಕಬೇಕೆಂಬುದು ಪಕ್ಕದಲ್ಲೇ ಅಚ್ಚಾಗಿರುತ್ತದೆ. ಅದು 1,600 ಎಂದಿಟ್ಟುಕೊಳ್ಳೋಣ. ಉಳಿದೆಲ್ಲ ಆರಿಸಿ ಎರಡು ಸಾವಿರ ವ್ಯಾಟಿನ ಗೀಸರ್ ಮಾತ್ರ ಹಾಕಿದರೆ ನಿಮಿಷಕ್ಕೆ ಸುಮಾರು 53 ಸಲ ಮಿಣುಕಬೇಕು. ಎಲ್ಲವನ್ನೂ ಆರಿಸಿದ ಮೇಲೂ ದೀಪ ಮಿಣುಕುತ್ತಿದ್ದರೆ ಎಲೆಕ್ಟ್ರಿಷಿಯನ್‌ನನ್ನು ಕರೆಯುವ ಹೊತ್ತು ಬಂದಿದೆ ಎಂದರ್ಥ. ಎಲ್ಲಿಯೋ ವೈರಿಂಗ್ ಸೋರುತ್ತಿರಬಹುದು, ಇಲ್ಲವೇ ಬೇರೆ ಮನೆಯ ತಂತಿ ನಿಮ್ಮ ಮೀಟರಿಗೆ ಸೇರಿಕೊಂಡಿರಬಹುದು.

ತಿಂಗಳ ಅಂದಾಜು

ಬೇಸಿಗೆ ಬಿಟ್ಟು ಉಳಿದ ತಿಂಗಳುಗಳಲ್ಲಿ ಒಬ್ಬರ ಮನೆಯ ಲೆಕ್ಕ ಹೆಚ್ಚುಕಡಿಮೆ ಹೀಗಿರುತ್ತದೆ: ಗೀಸರ್ 15 ಯೂನಿಟ್, ಇಂಡಕ್ಷನ್ ಅಡುಗೆ 24, ಫ್ರಿಜ್ 15, ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಹಳೆಯ ಫ್ಯಾನ್ 27, ದೀಪ-ಟಿ.ವಿ.-ಮೊಬೈಲ್ 15, ಇಸ್ತ್ರಿ-ಮಿಕ್ಸಿ-ಬಟ್ಟೆ ತೊಳೆಯುವ ಯಂತ್ರ 5. ಒಟ್ಟು 101.

ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ತಿನ್ನುವುದು ಯಾರೂ ಲೆಕ್ಕಕ್ಕೆ ಹಿಡಿಯದ ಫ್ಯಾನ್. ಈಗ ಬರುವ ಬಿ.ಎಲ್.ಡಿ.ಸಿ. ಫ್ಯಾನ್ ಸುಮಾರು 30 ವ್ಯಾಟಿನಲ್ಲೇ ತಿರುಗುತ್ತದೆ. ತಿಂಗಳಿಗೆ ಹದಿನಾರು ಯೂನಿಟ್ ಉಳಿಯುತ್ತದೆ. ಫ್ರಿಜ್ಜಿನ ಖರ್ಚನ್ನು ಊಹಿಸಬೇಕಾಗಿಲ್ಲ. ಅದರ ಬಾಗಿಲಿನ ನಕ್ಷತ್ರ ಚೀಟಿಯ ಮೇಲೆ ವರ್ಷದ ಯೂನಿಟ್ ಬರೆದಿರುತ್ತದೆ, ಹನ್ನೆರಡರಿಂದ ಭಾಗಿಸಿದರಾಯಿತು.

ಅಡುಗೆಯ ವಿಷಯ ಸ್ವಲ್ಪ ಬೇರೆ. 14.2 ಕಿಲೊ ಗ್ಯಾಸ್ ಸಿಲಿಂಡರ್ ಮಾಡುವ ಕೆಲಸವನ್ನು ಇಂಡಕ್ಷನ್ ಒಲೆ ಸುಮಾರು 140 ಯೂನಿಟ್ಟಿನಲ್ಲಿ ಮಾಡಿ ಮುಗಿಸುತ್ತದೆ. ಅಷ್ಟು ಯೂನಿಟ್ಟಿನ ಬೆಲೆಯನ್ನೂ ಸಿಲಿಂಡರಿನ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಲಾಭವೆಂದು ಅವರವರಿಗೇ ತಿಳಿಯುತ್ತದೆ. ಆದರೆ ಜೋಳದ ರೊಟ್ಟಿಯನ್ನು ಉರಿಯ ಮೇಲೆ ಉಬ್ಬಿಸುವುದು ಇಂಡಕ್ಷನ್ನಿನಿಂದಾಗದು. ಖಾನಾವಳಿಯಿಂದ ರೊಟ್ಟಿ ತಂದು ಮನೆಯಲ್ಲಿ ಪಲ್ಯವಷ್ಟೇ ಮಾಡಿಕೊಳ್ಳುವವರಿಗೆ ಆ ಚಿಂತೆಯೂ ಇಲ್ಲ, 24 ಯೂನಿಟ್ಟೂ ಇಲ್ಲ.

ಬಳಸದಿದ್ದರೂ ಬರುವ ಹಣ

ಜನ ಈಗಲೂ ‘ಕೆ.ಇ.ಬಿ.’ ಎಂದೇ ಕರೆಯುತ್ತಾರೆ. ಆದರೆ ಮಂಡಳಿ ಹೋಗಿ 1999ರಲ್ಲಿ ವಿದ್ಯುತ್ ಪ್ರಸರಣ ನಿಗಮ ಬಂತು. 2002ರಿಂದ ವಿಜಯಪುರ ಜಿಲ್ಲೆಗೆ ಕರೆಂಟ್ ಹಂಚುತ್ತಿರುವುದು ಹುಬ್ಬಳ್ಳಿಯ ಹೆಸ್ಕಾಂ. ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಜಿಲ್ಲೆಯಲ್ಲೇ ಕೂಡಗಿಯ 2,400 ಮೆಗಾವ್ಯಾಟ್ ಉಷ್ಣ ಸ್ಥಾವರವಿದೆ, ಆಲಮಟ್ಟಿಯಲ್ಲಿ 290 ಮೆಗಾವ್ಯಾಟಿನ ಜಲವಿದ್ಯುತ್ ಕೇಂದ್ರವಿದೆ. ಹಾಗೆಂದು ಇಲ್ಲಿನವರಿಗೆ ಕರೆಂಟ್ ಅಗ್ಗವೇನಲ್ಲ.

2025–26ನೇ ಸಾಲಿಗೆ ಆಯೋಗ ಗೊತ್ತುಮಾಡಿದ ಗೃಹಬಳಕೆಯ ದರ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಅದರ ಜೊತೆಗೆ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬ್ತು 36 ಪೈಸೆ, ವಿದ್ಯುತ್ ತೆರಿಗೆ ಶೇ 9. ಇಂಧನ ವೆಚ್ಚ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಇವೆಲ್ಲ ಬಳಸಿದಷ್ಟಕ್ಕೆ. ಇನ್ನೊಂದು ಬಳಸದಿದ್ದರೂ ಬರುತ್ತದೆ. ಅದು ನಿಗದಿತ ಶುಲ್ಕ: ಮಂಜೂರಾದ ಪ್ರತಿ ಕಿಲೊವ್ಯಾಟಿಗೆ ತಿಂಗಳಿಗೆ 145 ರೂಪಾಯಿ.

ಒಂಟಿಯಾಗಿರುವವರಿಗೆ ಭಾರವಾಗುವುದು ಇದೇ. ಮೂರು ಕಿಲೊವ್ಯಾಟ್ ಮಂಜೂರಾದ ಫ್ಲ್ಯಾಟಿಗೆ 435 ರೂಪಾಯಿ ಕಟ್ಟಿಟ್ಟ ಬುತ್ತಿ. ಮೇಲಿನ 101 ಯೂನಿಟ್ಟಿಗೆ ಹೊಂದಾಣಿಕೆ ಶುಲ್ಕ ಬಿಟ್ಟು ಸುಮಾರು 1,110 ರೂಪಾಯಿ ಆಗುತ್ತದೆ. ಯೂನಿಟ್ಟಿಗೆ ಹನ್ನೊಂದು ರೂಪಾಯಿ ಬಿದ್ದಂತೆ. ಹೊಟ್ಟೆಬಟ್ಟೆ ಕಟ್ಟಿ ನಲವತ್ತೇ ಯೂನಿಟ್ ಸುಟ್ಟರೂ 700 ರೂಪಾಯಿ ತಪ್ಪದು. ಹಿಂದಿದ್ದ ದೊಡ್ಡ ಸಂಸಾರ ಐದು ಕಿಲೊವ್ಯಾಟ್ ಪಡೆದಿದ್ದರೆ ನಿಗದಿತ ಶುಲ್ಕವೇ 725 ರೂಪಾಯಿ. ಆದ್ದರಿಂದ ಬಾಡಿಗೆ ಮಾತಾಡುವಾಗ ಹಳೆಯ ಬಿಲ್ ಒಂದನ್ನು ಕೇಳಿ ಮಂಜೂರಾದ ಲೋಡ್ ಎಷ್ಟೆಂದು ನೋಡುವುದು ಜಾಣತನ. ಲೋಡ್ ಹೆಚ್ಚಿದ್ದರೆ ಮಾಲೀಕರ ಮೂಲಕ ಇಳಿಸಲು ಅರ್ಜಿ ಕೊಡಬಹುದು. ಹಾಗೆ ಇಳಿಸಿದ ಮೇಲೆ ಗೀಸರ್, ಇಂಡಕ್ಷನ್ ಎರಡನ್ನೂ ಒಟ್ಟಿಗೆ ಹಾಕದೆ ಒಂದಾದ ಮೇಲೊಂದು ಬಳಸಬೇಕು.

ಗೃಹಜ್ಯೋತಿ ಇದೆಯಲ್ಲ!

2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿಯನ್ನು ‘200 ಯೂನಿಟ್ ಪುಕ್ಕಟೆ’ ಎಂದು ತಿಳಿದವರೇ ಹೆಚ್ಚು. ನಿಜವಾಗಿ ಉಚಿತ ಮಿತಿ ಆಯಾ ಮನೆಯದು. ಆ ಆರ್.ಆರ್. ಸಂಖ್ಯೆಯ 2022–23ರ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿ ಮಿತಿ ಗೊತ್ತುಮಾಡಲಾಯಿತು. 48 ಯೂನಿಟ್ಟಿಗಿಂತ ಕಡಿಮೆ ಸರಾಸರಿ ಇದ್ದವರಿಗೆ 2024ರ ಆರಂಭದಲ್ಲಿ ಶೇ 10ರ ಬದಲು ಹತ್ತು ಯೂನಿಟ್ ಕೊಡುವ ತೀರ್ಮಾನವಾಯಿತು. ಹಳೆಯ ಲೆಕ್ಕವೇ ಇಲ್ಲದ ಹೊಸ ಮನೆಗೆ ಸಿಕ್ಕದ್ದು 58 ಯೂನಿಟ್.

ಅಂದರೆ ಆ ವರ್ಷ ಹೆಚ್ಚು ದಿನ ಬೀಗ ಹಾಕಿದ್ದ ಮನೆಗೆ ಬಾಡಿಗೆಗೆ ಬಂದವರಿಗೆ ಸಿಗುವುದು ಆ ಬೀಗದ ಪಾಲು. ಮಿತಿ ಮೀರಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್ಟಿಗಷ್ಟೇ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಬಾಡಿಗೆದಾರರೂ ತಮ್ಮ ಆಧಾರ್ ಜೋಡಿಸಿ ನೋಂದಾಯಿಸಬಹುದು. ವರ್ಗವಾಗಿ ಬಂದವರು ಹಿಂದಿನ ಊರಿನ ಮನೆಯ ಜೋಡಣೆಯನ್ನು ಮೊದಲು ತೆಗೆಸಿರಬೇಕು.

ಬೇಸಿಗೆಯ ಕಟ್ಟೆ

ಈ 200ರ ಕಟ್ಟೆ ಒಡೆಯುವುದು ಏಪ್ರಿಲ್–ಮೇ ತಿಂಗಳಲ್ಲಿ. ತಿಕೋಟಾ, ಬಬಲೇಶ್ವರ ಕಡೆಯ ದಪ್ಪ ಗೋಡೆಯ ಮಾಳಿಗೆ ಮನೆಗಳು ಬಿಸಿಲನ್ನು ಒಳಗೆ ಬಿಡುವುದು ನಿಧಾನ. ಕಾಂಕ್ರೀಟ್ ಕಟ್ಟಡದ ಮೇಲಂತಸ್ತಿನ ಫ್ಲ್ಯಾಟ್ ಹಾಗಲ್ಲ, ರಾತ್ರಿಯೂ ಕಾದ ಹೆಂಚಿನಂತಿರುತ್ತದೆ. ಆ ದಿನಗಳಲ್ಲಿ ಮೇಲಿನ ಟ್ಯಾಂಕಿನ ನೀರೇ ಬಿಸಿಯಾಗಿ ಬರುವುದರಿಂದ ಗೀಸರ್ ಬೇಡ. 101 ಯೂನಿಟ್ 86ಕ್ಕೆ ಇಳಿಯುತ್ತದೆ. 180 ವ್ಯಾಟಿನ ಏರ್ ಕೂಲರ್ ದಿನಕ್ಕೆ ಹನ್ನೆರಡು ಗಂಟೆ ನಡೆದರೆ 65 ಯೂನಿಟ್ ಸೇರಿ 151 ಆಗುತ್ತದೆ. ಕೂಲರ್ ಬದಲು ಎ.ಸಿ. ಎಂಟು ಗಂಟೆ ನಡೆದರೆ ಅದೊಂದೇ 180ರಿಂದ 240 ಯೂನಿಟ್ ಎಳೆಯಬಹುದು. ಕಟ್ಟೆ ಒಡೆಯಿತೆಂದೇ ಲೆಕ್ಕ.

ಅದೃಷ್ಟಕ್ಕೆ ಇಲ್ಲಿನದು ಒಣ ಸೆಕೆ. ಕರಾವಳಿಯಲ್ಲಿ ಸೋಲುವ ಕೂಲರ್ ಇಲ್ಲಿ ಗೆಲ್ಲುತ್ತದೆ, ಎದುರಿನ ಕಿಟಕಿ ತೆರೆದಿರಬೇಕು ಅಷ್ಟೇ. ಎ.ಸಿ. ಬೇಕೇ ಬೇಕೆನ್ನುವವರು 24 ಡಿಗ್ರಿಯಿಂದ ಕೆಳಗಿಳಿಸದೆ, ಜೊತೆಗೆ ಫ್ಯಾನ್ ತಿರುಗಿಸಬೇಕು. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ. ಆದರೆ ಬಿಲ್ಲಿಗೆ ಹೆದರಿ ನಲವತ್ತು ಡಿಗ್ರಿ ಬಿಸಿಲಿನಲ್ಲಿ ಫ್ಯಾನ್ ಆರಿಸಿ ಕೂರುವ ಉಳಿತಾಯ ಯಾರಿಗೂ ಬೇಡ, ಅದರಲ್ಲೂ ಒಬ್ಬರೇ ಇರುವ ವಯಸ್ಸಾದವರಿಗೆ. ಉಳಿಯುವ ನಾಲ್ಕು ರೂಪಾಯಿಗಿಂತ ದವಾಖಾನೆಯ ಖರ್ಚು ದೊಡ್ಡದು.

ಮೀಟರ್ ಓದುವವರು ಬಂದುಹೋದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ವಾರಕ್ಕೊಮ್ಮೆ ಮೀಟರಿನ ಅಂಕಿ ಬರೆದಿಟ್ಟರೆ ಸಾಕು. ಎರಡನೆಯ ವಾರಕ್ಕೇ 100 ದಾಟಿದ್ದು ಕಂಡರೆ, ಹಿಡಿತ ಮಾಡಲು ಇನ್ನೂ ಎರಡು ವಾರ ಕೈಯಲ್ಲಿರುತ್ತವೆ. ಬಿಲ್ ತಪ್ಪಾಗಿದೆ ಎನಿಸಿದರೆ ಅದೇ ಅಂಕಿಗಳನ್ನು ಹಿಡಿದು 1912ಕ್ಕೆ ದೂರು ಕೊಡಬಹುದು, ಉಪವಿಭಾಗದ ಕಚೇರಿಯಲ್ಲಿಯೂ ವಿಚಾರಿಸಬಹುದು.