ಅಮ್ಮನ ಥೈರಾಯ್ಡ್ ಮಾತ್ರೆ ಮತ್ತು ನಮ್ಮೂರ ಶೇಡಿ ಮಣ್ಣು

"ಈ ಸಲವೂ ಟಿಎಸ್‌ಎಚ್ ಜಾಸ್ತಿಯೇ ಬಂದದ್ದು. ಡಾಕ್ಟ್ರು ಮಾತ್ರೆಯ ಪವರ್ ಏರಿಸಿದ್ರು" ಅಂತ ಅಮ್ಮ ಬಂಟ್ವಾಳದಿಂದ ಫೋನ್ ಮಾಡಿದಾಗ ನಾನು ಬೆಂಗಳೂರಿನ ಲ್ಯಾಬ್‌ನಲ್ಲಿ ಬಿಳಿ ಪುಡಿಯೊಂದನ್ನು ತೂಗುತ್ತಿದ್ದೆ. ಏನು ಪುಡಿ ಅಂದ್ರೆ, ಜೇಡಿಮಣ್ಣು. ಮಾತ್ರೆ, ಸಿರಪ್ಪುಗಳಲ್ಲಿ ಔಷಧವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುವ ಮಣ್ಣು. ಎಂ.ಫಾರ್ಮ್ ಓದಿ ನಾನು ಮಾಡುವ ಕೆಲಸ ಅದು.

ಊರಿಗೆ ಹೋದಾಗಲೆಲ್ಲ ದೊಡ್ಡಪ್ಪನದ್ದು ಒಂದೇ ತಮಾಷೆ. "ಮಣ್ಣು ಹೊರಲಿಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ ಮಾರಾಯ್ತಿ? ಇಲ್ಲಿ ಗುಡ್ಡೆಯಲ್ಲಿ ಬೇಕಾದಷ್ಟು ಉಂಟಲ್ಲ!"

ದೊಡ್ಡಪ್ಪ ಹೇಳುವುದು ಸುಳ್ಳಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ರಸ್ತೆಗೆಂದು ಗುಡ್ಡ ಕಡಿದ ಜಾಗ ನೋಡಿದ್ದೀರಾ? ಮೇಲೆ ಮುರಕಲ್ಲು, ಅದರ ಕೆಳಗೆ ಬಿಳಿ, ಗುಲಾಬಿ, ಹಳದಿ ಬಣ್ಣದ ನುಣುಪು ಮಣ್ಣಿನ ಪದರ. ಅದೇ ಶೇಡಿ. ಅಜ್ಜಿ ತುಳಸಿಕಟ್ಟೆಗೆ ಗೆರೆ ಎಳೆಯುತ್ತಿದ್ದದ್ದು ಅದರಲ್ಲೇ. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಕುಸಿದು ಬೀಳುತ್ತದೆ. ಹಾಗಾಗಿ ಸುರತ್ಕಲ್‌ನ ಎನ್‌ಐಟಿಕೆಯ ಸಿವಿಲ್ ಎಂಜಿನಿಯರುಗಳಿಗೆ ಅದು ಸಂಶೋಧನೆಯ ವಸ್ತು. ನನ್ನ ಮಟ್ಟಿಗೆ ಅದು ಕೇಯೋಲಿನೈಟ್ ತುಂಬಿದ ಮಣ್ಣು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಇಲ್ಲಿನ ನದಿ ದಂಡೆಯ ಜೇಡಿಯನ್ನು ನಂಬಿಯೇ.

ಕರಾವಳಿಯ ಮಳೆ ಸಾವಿರಾರು ವರ್ಷ ಕಲ್ಲನ್ನು ತೊಳೆದೂ ತೊಳೆದೂ, ಕರಗುವ ಕ್ಯಾಲ್ಸಿಯಂ, ಸೋಡಿಯಂ ಎಲ್ಲ ಸಮುದ್ರಕ್ಕೆ ಹೋಗಿ, ಉಳಿದದ್ದು ಕೇಯೋಲಿನೈಟ್. ಇದರ ಪದರಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ, ನಡುವೆ ಏನನ್ನೂ ಒಳಗೆ ಬಿಡುವುದಿಲ್ಲ. ಘಟ್ಟ ಹತ್ತಿ ವಿಜಯಪುರದ ಕಡೆ ಹೋದರೆ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರಲ್ಲಿರುವುದು ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ. ಪದರಗಳ ನಡುವೆ ನೀರು, ಲವಣ, ಔಷಧ, ಯಾರು ಬಂದರೂ ಜಾಗ ಕೊಡುತ್ತದೆ. ನಮ್ಮೂರ ಲೆಕ್ಕದಲ್ಲೇ ಹೇಳುವುದಾದರೆ, ಒಂದು ಗ್ರಾಂ ಮಾಂಟ್‌ಮೊರಿಲೊನೈಟಿನ ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 700 ಚದರ ಮೀಟರ್, ಅಂದರೆ 17 ಸೆಂಟ್ಸ್ ಜಾಗ! ನಮ್ಮ ಕೇಯೋಲಿನೈಟ್‌ಗೆ ಅರ್ಧ ಸೆಂಟ್ಸೂ ಸಿಗುವುದಿಲ್ಲ. ಹಂಚಿಗೆ ನಮ್ಮದು ಸರಿ, ಔಷಧ ಹೊರಲು ಎರೆಮಣ್ಣಿನ ಜಾತಿಯದ್ದೇ ಮೇಲು.

ಇದೆಲ್ಲ ಲ್ಯಾಬಿನ ಸಂಗತಿ ಅಂದುಕೊಳ್ಳಬೇಡಿ. ಚರ್ಮದ ತುರಿಕೆಗೆ ಹಚ್ಚುವ ಕ್ಯಾಲಮೈನ್ ಲೋಷನ್ನಿನಲ್ಲಿ ಬೆಂಟೊನೈಟ್ ಜೇಡಿ ಇರುತ್ತದೆ. ಎಷ್ಟೋ ಸಿರಪ್ಪುಗಳಲ್ಲಿ ಔಷಧದ ಕಣ ತಳ ಸೇರದಂತೆ ಹಿಡಿಯುವುದು ಜೇಡಿಯೇ. ಬಾಟಲಿ ಸುಮ್ಮನೆ ಇದ್ದಾಗ ಅದರ ಚಪ್ಪಟೆ ಕಣಗಳು ಇಸ್ಪೀಟ್ ಎಲೆಯ ಮನೆಯ ಹಾಗೆ ನಿಂತು ದಪ್ಪಗಾಗುತ್ತವೆ, ಕುಲುಕಿದರೆ ಮನೆ ಬಿದ್ದು ತೆಳ್ಳಗಾಗುತ್ತದೆ. "ಚೆನ್ನಾಗಿ ಕುಲುಕಿ ಬಳಸಿ" ಅಂತ ಬರೆದಿರುವುದನ್ನು ಇನ್ನಾದರೂ ಓದಿ.

ಈಗ ಎಲ್ಲರ ಕಣ್ಣು ಹ್ಯಾಲೊಯ್ಸೈಟ್ ಮೇಲೆ. ಕೇಯೋಲಿನೈಟಿನ ದಾಯಾದಿ ಇದು. ಆದರೆ ಪದರಗಳು ಚಾಪೆಯ ಹಾಗೆ ಸುರುಳಿ ಸುತ್ತಿ ಕೊಳವೆಗಳಾಗಿರುತ್ತವೆ. ಕೊಳವೆಯ ಹೊರಮೈಗೆ ಋಣ ವಿದ್ಯುತ್, ಒಳಮೈಗೆ ಧನ. ಒಳಗೆ ತುಂಬಿಸಿದ ಔಷಧ ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತದೆ. ಗಾಯದ ಪಟ್ಟಿ, ಹಲ್ಲಿನ ಸಿಮೆಂಟುಗಳಲ್ಲಿ ಹಾಕಿ ನೋಡುತ್ತಿದ್ದಾರೆ. ರಕ್ತಕ್ಕೆ ಚುಚ್ಚುವ ಮಾತು ಸದ್ಯಕ್ಕೆ ದೂರ, ಯಾಕೆಂದರೆ ಈ ಕೊಳವೆ ದೇಹದಲ್ಲಿ ಕರಗುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದ ನನಗೆ ಅಮ್ಮನ ವಿಷಯ ಹೊಳೆಯಲಿಲ್ಲ ನೋಡಿ.

ದೀಪಾವಳಿಗೆ ಊರಿಗೆ ಹೋಗಿದ್ದೆ. ಬೆಳಿಗ್ಗೆ ಅಮ್ಮ ಥೈರಾಯ್ಡ್ ಮಾತ್ರೆ ನುಂಗಿದರು. ಅದರ ಬೆನ್ನಿಗೇ ಗುಲಾಬಿ ಬಣ್ಣದ ಗ್ಯಾಸ್ಟ್ರಿಕ್ ಸಿರಪ್ಪು ಎರಡು ಚಮಚ.

"ಇದೆಂತದ್ದು ಅಮ್ಮಾ?"

"ಮಾತ್ರೆ ತಗೊಂಡ್ರೆ ಹೊಟ್ಟೆ ಉರಿ ಆಗ್ತದೆ ಅಂತ. ಮೆಡಿಕಲ್‌ನಿಂದ ತಂದದ್ದು. ಒಂದು ವರ್ಷ ಆಯ್ತು."

ಬಾಟಲಿ ತಿರುಗಿಸಿ ನೋಡಿದೆ. ಮ್ಯಾಗಾಲ್ಡ್ರೇಟ್. ಮೆಗ್ನೀಸಿಯಂ, ಅಲ್ಯೂಮಿನಿಯಂ ಪದರುಗಳ, ಜೇಡಿಯ ಹಾಗೆಯೇ ಕಟ್ಟಿಕೊಂಡ ವಸ್ತು. ಥೈರಾಯ್ಡ್ ಮಾತ್ರೆಯಲ್ಲಿ ಔಷಧ ಎಷ್ಟಿರುತ್ತದೆ ಗೊತ್ತಾ? 100 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಸಾವಿರದಲ್ಲಿ ಒಂದು ಪಾಲು. ಅದರ ಮೇಲೆ ನೂರಾರು ಮಿಲಿಗ್ರಾಂ ಆ್ಯಂಟಾಸಿಡ್ ಸುರಿದರೆ ಒಂದಷ್ಟು ಔಷಧ ಅದಕ್ಕೇ ಅಂಟಿಕೊಂಡು ಸೀದಾ ಹೊರಗೆ ಹೋಗುತ್ತದೆ. ಈ ಎರಡರ ನಡುವೆ ನಾಲ್ಕು ಗಂಟೆ ಅಂತರ ಬೇಕು ಅನ್ನುವುದು ನಾವು ಬಿ.ಫಾರ್ಮ್‌ನಲ್ಲೇ ಓದಿದ್ದು. ಒಂದು ವರ್ಷದಿಂದ ಫೋನಿನಲ್ಲಿ ನಾನು ಕೇಳುತ್ತಿದ್ದದ್ದು "ಮಾತ್ರೆ ತಗೊಂಡ್ಯಾ?" ಅಂತ ಮಾತ್ರ. ಯಾವುದರ ಜತೆ ತಗೊಂಡ್ಯಾ ಅಂತ ಒಂದು ದಿನವೂ ಕೇಳಲಿಲ್ಲ. ಆ ದಿನ ಕಡುಬು ಗಂಟಲಲ್ಲಿ ಇಳಿಯಲಿಲ್ಲ.

ಹಿಡಿಯುವ ಗುಣ ವಿಷಕ್ಕೆ ಬಿದ್ದರೆ ಜೀವ ಉಳಿಸಲೂಬಹುದು. ಪ್ಯಾರಾಕ್ವಾಟ್ ಕಳೆನಾಶಕ ಅಪ್ಪಿತಪ್ಪಿ ಹೊಟ್ಟೆಗೆ ಹೋದರೆ ಆಸ್ಪತ್ರೆಯಲ್ಲಿ ಬೇಗ ಬೇಗ ಕುಡಿಸುವವುಗಳಲ್ಲಿ ಮುಲ್ತಾನಿ ಮಿಟ್ಟಿಯೂ ಒಂದು. ಅದೇ ಗುಣ ಔಷಧಕ್ಕೆ ಬಿದ್ದರೆ ನಷ್ಟ. ಭೇದಿಗೆ ಕೊಡುತ್ತಿದ್ದ ಕೇಯೋಲಿನ್-ಪೆಕ್ಟಿನ್ ಜತೆ ಲಿಂಕೊಮೈಸಿನ್ ತೆಗೆದುಕೊಂಡರೆ ಆ ಆ್ಯಂಟಿಬಯಾಟಿಕ್‌ನ ಬಹುಪಾಲು ರಕ್ತಕ್ಕೆ ಸೇರುವುದೇ ಇಲ್ಲ.

ಅದೇ ರಜೆಯಲ್ಲಿ ಮೂಡುಬಿದಿರೆಯ ಚಿಕ್ಕಮ್ಮನ ಮನೆಗೂ ಹೋದೆ. ಚಿಕ್ಕಮ್ಮನ ಮಗಳಿಗೆ ಆಗ ಐದು ತಿಂಗಳು. ಹಿಮೋಗ್ಲೋಬಿನ್ ಕಡಿಮೆ, ಐರನ್ ಮಾತ್ರೆ ಕೊಟ್ಟಿದ್ದಾರೆ. "ಅಕ್ಕಾ, ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ತಿನ್ನುವ ಅನ್ನಿಸ್ತದೆ" ಅಂದಳು, ಮೆಲ್ಲಗೆ. ಹಂಚಿನ ಚೂರು ತಿನ್ನುತ್ತಿದ್ದಾಳೆ ಅಂತ ಆಮೇಲೆ ಗೊತ್ತಾಯಿತು. ಚಿಕ್ಕಮ್ಮ ನಕ್ಕು, "ನಮ್ಮ ಕಾಲದಲ್ಲಿ ಎಲ್ಲರೂ ತಿಂದದ್ದೇ" ಅಂದರು. ನನಗೆ ನಗು ಬರಲಿಲ್ಲ. ಕಬ್ಬಿಣದಂಶ ಕಡಿಮೆಯಾದವರಿಗೆ ಮಣ್ಣು ತಿನ್ನುವ ಆಸೆ ಬರುವುದುಂಟು. ತಿಂದ ಜೇಡಿ ಇದ್ದ ಕಬ್ಬಿಣವನ್ನೂ ಹಿಡಿದುಕೊಳ್ಳಬಹುದು. ಹಸಿ ಮಣ್ಣಾದರೆ ಹುಳದ ಮೊಟ್ಟೆ, ಸೀಸ ಬೇರೆ. ಶುದ್ಧ ಮಾಡಿದ ಔಷಧಿ ಜೇಡಿಯಲ್ಲೂ ಸೀಸದ ಸೂಕ್ಷ್ಮ ಅಂಶ ಇರಬಹುದು ಅಂತ 2019ರಲ್ಲಿ ಫ್ರಾನ್ಸ್‌ನ ಔಷಧ ನಿಯಂತ್ರಕರು ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಬೇಡಿ ಅಂದರು. ಗುಡ್ಡೆಯ ಮಣ್ಣಿನ ಕತೆ ಕೇಳುವುದೇ ಬೇಡ. ತಂಗಿಯನ್ನು ಮರುದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಬೈಯಲಿಲ್ಲ, ಇಂಥವರು ವಾರಕ್ಕೊಬ್ಬರಾದರೂ ಬರ್ತಾರೆ ಅಂದರು.

ಮೈಮೇಲೆ ಹಚ್ಚುವ ಮಣ್ಣಿನ ಬಗ್ಗೆ ನನ್ನ ತಕರಾರಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದ ಶಾಂತಿವನದಲ್ಲಿ ಹೊಟ್ಟೆಗೆ, ಕಣ್ಣಿಗೆ ಒದ್ದೆ ಮಣ್ಣಿನ ಪಟ್ಟಿ ಹಾಕುತ್ತಾರಲ್ಲ, ಅಲ್ಲೂ ಮಣ್ಣು ಏನನ್ನೋ ಹೊತ್ತಿರುತ್ತದೆ: ನೀರನ್ನು. ಬಟ್ಟೆಗಿಂತ ಹೆಚ್ಚು ಹೊತ್ತು ತಂಪು ಹಿಡಿಯುತ್ತದೆ. ಬೆಳ್ತಂಗಡಿಯ ದೊಡ್ಡಪ್ಪ ಹತ್ತು ದಿನ ಇದ್ದು ಬಂದು ಈಗಲೂ ಅದರ ಗುಣಗಾನ ಮಾಡುತ್ತಾರೆ. ಬಿಪಿ ಮಾತ್ರೆ ಬಿಡಬೇಡಿ ಅಂತ ಮಾತ್ರ ನಾನು ಹೇಳಿದ್ದೇನೆ.

ಅಮ್ಮನಿಗೆ ಈಗ ಬೆಳಿಗ್ಗೆ ಐದೂವರೆಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ, ಬರೀ ನೀರಿನ ಜತೆ. ಕಾಫಿ ಒಂದು ಗಂಟೆ ಕಳೆದ ಮೇಲೆ. ಸಿರಪ್ಪು ಬೇಕೇ ಬೇಕಾದರೆ ಮಧ್ಯಾಹ್ನದ ಊಟದ ನಂತರ. ಡಾಕ್ಟರಿಗೂ ಹೇಳಿದೆವು. ಅವರು ಏರಿಸಿದ ಪವರನ್ನು ಹಿಂದಕ್ಕೆ ಇಳಿಸಿ, ಎರಡು ತಿಂಗಳು ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಿ ಅಂದರು. ಮೊನ್ನೆ ರಿಪೋರ್ಟಿನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಬಂತು, ಟಿಎಸ್‌ಎಚ್ ನಾರ್ಮಲ್. ಕೆಳಗೆ ಅಮ್ಮನ ವಾಯ್ಸ್ ಮೆಸೇಜ್: "ಕ್ಯಾಲ್ಸಿಯಂ ಮಾತ್ರೆ ಯಾವಾಗ ತಗೊಳ್ಳುದು? ಅದು ಹೇಳ್ಲೇ ಇಲ್ಲ ನೀನು."

ಅದಕ್ಕೂ ನಾಲ್ಕು ಗಂಟೆ ಅಮ್ಮಾ.