ಅರ್ಧ ಪಂದ್ಯಾವಳಿಯ ಲೆಕ್ಕ

ಏಪ್ರಿಲ್ ತಿಂಗಳ ನಡುವಿಗೆ ನಮ್ಮ ಊರುಗಳಲ್ಲಿ ಎರಡೇ ಮಾತು. ಒಂದು ಬಿಸಿಲಿನದು, ಇನ್ನೊಂದು ಕ್ರಿಕೆಟ್ಟಿನದು. ಜಮಖಂಡಿಯ ಚಹಾದಂಗಡಿಯಿರಲಿ, ಮುಧೋಳದ ಬಸ್ ನಿಲ್ದಾಣವಿರಲಿ, ಬೀಳಗಿಯ ಕಟ್ಟೆಯಿರಲಿ, ರಬಕವಿ-ಬನಹಟ್ಟಿಯ ಮಗ್ಗದ ಮನೆಯಿರಲಿ, ಕಿರಿಯರು ಹಿರಿಯರನ್ನು ಕೇಳುವ ಪ್ರಶ್ನೆ ಒಂದೇ: “ಕಾಕಾ, ನಮ್ಮ ಬೆಂಗಳೂರು ಈ ಸಲ ಮುಂದ ಹೋಗ್ತೈತೇನ್ರಿ?” 2024ರ ಏಪ್ರಿಲ್ 15ರ ರಾತ್ರಿ ಈ ಪ್ರಶ್ನೆಗೆ ಹೆಚ್ಚಿನ ಕಾಕಾಗಳ ಉತ್ತರವೂ ಒಂದೇ ಆಗಿದ್ದೀತು: “ಏಳರಾಗ ಆರು ಸೋತಾರ. ಇನ್ನೇನ್ ಹೋಗೂದು ತಮ್ಮಾ, ಮುಗೀತ ಬಿಡು.”

ಓದುಗರೇ, ಆ ಕಾಕಾನ ಉತ್ತರ ತಪ್ಪಾಯಿತೆಂಬುದು ತಮಗೆ ಗೊತ್ತೇ ಇದೆ. ಆದರೆ ಅದು ಏಕೆ ತಪ್ಪಾಯಿತು, ಪಂದ್ಯಾವಳಿ ಅರ್ಧ ಮುಗಿದಾಗ ಒಂದು ತಂಡದ ಭವಿಷ್ಯವನ್ನು ಎಷ್ಟರ ಮಟ್ಟಿಗೆ ಹೇಳಲು ಬರುತ್ತದೆ, ಎಷ್ಟನ್ನು ಹೇಳಲು ಬರುವುದಿಲ್ಲ ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡೋಣ. ಇದರಲ್ಲಿ ಕೂಡಿಸುವ ಕಳೆಯುವ ಲೆಕ್ಕಕ್ಕಿಂತ ಕಠಿಣವಾದದ್ದು ಏನೂ ಇಲ್ಲ.

ಮೊದಲು ಕಟ್ಟಳೆಗಳನ್ನು ತಿಳಿಯಬೇಕು. 2024ರ ಐ.ಪಿ.ಎಲ್. ಪಂದ್ಯಾವಳಿಯಲ್ಲಿ ಹತ್ತು ತಂಡಗಳಿದ್ದವು. ಒಂದೊಂದಕ್ಕೆ 14 ಪಂದ್ಯಗಳು. ಗೆದ್ದರೆ 2 ಅಂಕ, ಸೋತರೆ ಸೊನ್ನೆ, ಮಳೆ ಬಂದು ಆಟ ನಿಂತುಹೋದರೆ ಇಬ್ಬರಿಗೂ ಒಂದೊಂದು. ಕೊನೆಗೆ ಮೇಲಿನ ನಾಲ್ಕು ತಂಡಗಳಿಗೆ ಮಾತ್ರ ಮುಂದಿನ ಸುತ್ತು. ಕಟ್ಟಳೆ ಎಲ್ಲ ಆಟಗಳಲ್ಲಿ ಒಂದೇ ಅಲ್ಲ. ಅದೇ 2024ರ ಪ್ರೊ ಕಬಡ್ಡಿಯಲ್ಲಿ ಗೆಲುವಿಗೆ 5, ಸಮಕ್ಕೆ 3, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಿಂದ ಸೋತವರಿಗೂ 1 ಅಂಕವಿತ್ತು. ಅಲ್ಲಿ ಸೋಲುವ ಆಟವನ್ನು ಕೊನೆಯ ನಿಮಿಷದವರೆಗೆ ಬಿಗಿಹಿಡಿದವನಿಗೂ ಕೂಲಿ ಉಂಟು. ಕ್ರಿಕೆಟ್ಟಿನಲ್ಲಿ ಒಂದೇ ರನ್ನಿನಿಂದ ಸೋತರೂ ಅಂಕ ಸೊನ್ನೆಯೇ. ಆದ್ದರಿಂದ ಯಾವ ಪಟ್ಟಿಯನ್ನು ನೋಡುವುದಾದರೂ ಅಂಕ ಹೇಗೆ ಸಿಗುತ್ತದೆಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಇನ್ನು ಅರ್ಧ ದಾರಿಯ ಮಾತು. ಅರ್ಧ ನೇಯ್ದ ಸೀರೆಯನ್ನು ನೋಡಿ ಉಳಿದರ್ಧ ಹೇಗೆ ಬರುವುದೆಂದು ಬನಹಟ್ಟಿಯ ನೇಕಾರರು ಧೈರ್ಯವಾಗಿ ಹೇಳಬಲ್ಲರು. ಹಾಸು ಮೊದಲೇ ಮಗ್ಗಕ್ಕೇರಿದೆ, ಬಣ್ಣ ಗೊತ್ತಿದೆ, ಅಂಚು ಗೊತ್ತಿದೆ. ಪಂದ್ಯಾವಳಿಯ ಉಳಿದರ್ಧಕ್ಕೆ ಹಾಗೆ ಮೊದಲೇ ಏರಿಸಿಟ್ಟ ಹಾಸಿಲ್ಲ. 2024ರಲ್ಲಿ ರಾಜಸ್ಥಾನ ತಂಡ ಮೊದಲ ಏಳು ಪಂದ್ಯಗಳಲ್ಲಿ ಆರನ್ನು ಗೆದ್ದು 12 ಅಂಕ ಗಳಿಸಿತ್ತು. ಬೆಂಗಳೂರು ಒಂದನ್ನು ಗೆದ್ದು 2 ಅಂಕ. ಉಳಿದ ಏಳರಲ್ಲಿ ಬೆಂಗಳೂರು ಆರನ್ನು ಗೆದ್ದು 12 ಅಂಕ ಪಡೆಯಿತು. ರಾಜಸ್ಥಾನಕ್ಕೆ ಸಿಕ್ಕದ್ದು ಎರಡು ಗೆಲುವು, ಮಳೆಯಿಂದ ಒಂದು ಅಂಕ. ಒಟ್ಟು ಐದು ಮಾತ್ರ. ಅವೇ ಎರಡು ತಂಡಗಳು, ಆದರೂ ಎರಡನೆಯ ಅರ್ಧ ಮೊದಲರ್ಧಕ್ಕೆ ತಿರುಗುಮುರುಗಾಯಿತು.

ಇದಕ್ಕೆ ಕಾರಣ, ಏಳು ಪಂದ್ಯಗಳೆಂದರೆ ಬಹಳ ಸಣ್ಣ ಅಳತೆ. ಅಮೆರಿಕದ ಬೇಸ್‌ಬಾಲ್ ಪಂದ್ಯಾವಳಿಯಲ್ಲಿ ಒಂದೊಂದು ತಂಡ 162 ಪಂದ್ಯಗಳನ್ನು ಆಡುತ್ತದೆ. ಅಲ್ಲಿ ಅರ್ಧವೆಂದರೆ 81. ಅಷ್ಟು ಆಟಗಳಲ್ಲಿ ದೈವದ ಆಟ ಬಹುಮಟ್ಟಿಗೆ ಸವೆದುಹೋಗಿ ತಂಡದ ಯೋಗ್ಯತೆ ಹೊರಗೆ ಕಾಣುತ್ತದೆ. ಅಂಥಲ್ಲಿಯೂ 2019ರಲ್ಲಿ ವಾಷಿಂಗ್ಟನ್ ತಂಡ ಮೊದಲ 50 ಪಂದ್ಯಗಳಲ್ಲಿ 31ನ್ನು ಸೋತು, ಅದೇ ವರ್ಷ ಅಲ್ಲಿಯ ಅತಿ ದೊಡ್ಡ ಪ್ರಶಸ್ತಿಯನ್ನು ಗೆದ್ದಿತು. 50 ಆಟಗಳ ಸಾಕ್ಷಿಯೇ ಹೀಗೆ ಸುಳ್ಳಾಗಬಹುದಾದರೆ ಏಳರ ಸಾಕ್ಷಿಯನ್ನು ನಾವು ಎಷ್ಟು ನೆಚ್ಚಬೇಕು?

ಹಾಗೆಂದು ಪಟ್ಟಿ ನಿರರ್ಥಕವೆಂದಲ್ಲ. ಅದನ್ನು ಕೇಳಬೇಕಾದ ರೀತಿಯಲ್ಲಿ ಕೇಳಿದರೆ ಅದು ಉತ್ತರ ಕೊಡುತ್ತದೆ. ಮುಂದೆ ತಾವೂ ಪಟ್ಟಿಯನ್ನು ಹಿಡಿದು ಕುಳಿತಾಗ ಈ ನಾಲ್ಕು ಪ್ರಶ್ನೆಗಳನ್ನು ಕೇಳಿ ನೋಡಿರಿ.

ಒಂದು: ಎಲ್ಲವನ್ನೂ ಗೆದ್ದರೆ ಎಲ್ಲಿಯವರೆಗೆ ಏರಬಹುದು? ಏಪ್ರಿಲ್ 21ರಂದು ಕೋಲ್ಕತ್ತದಲ್ಲಿ ಬೆಂಗಳೂರು ಒಂದೇ ರನ್ನಿನಿಂದ ಸೋತಿತು. ಎಂಟು ಪಂದ್ಯಗಳಿಂದ 2 ಅಂಕ. ಉಳಿದದ್ದು ಆರು ಪಂದ್ಯ. ಆರನ್ನೂ ಗೆದ್ದರೆ 12 ಸೇರಿ 14. ಅದರ ಮೇಲೆ ಒಂದು ಅಂಕವೂ ಸಾಧ್ಯವಿರಲಿಲ್ಲ.

ಎರಡು: ನಾಲ್ಕನೆಯ ಸ್ಥಾನಕ್ಕೆ ಎಷ್ಟು ಅಂಕ ಬೇಕು? ಹತ್ತು ತಂಡಗಳ ಈ ಪದ್ಧತಿ ಬಂದ 2022ರಲ್ಲಿಯೂ, 2023ರಲ್ಲಿಯೂ, ಮುಂದೆ 2025ರಲ್ಲಿಯೂ ನಾಲ್ಕನೆಯವರ ಅಂಕ 16 ಇತ್ತು. ನಡುವಿನ 2024ರಲ್ಲಿ ಮಾತ್ರ 14 ಸಾಕಾಯಿತು. ಎಂದರೆ 14 ಎಂಬುದು ಹೊಸ್ತಿಲು. ಆ ವರ್ಷ ಬಾಗಿಲು ತೆರೆದಿರಬಹುದು, ಮುಚ್ಚಿಯೂ ಇರಬಹುದು. ಹಿಂದಿನ 2023ರಲ್ಲಿ ಇದೇ ಬೆಂಗಳೂರು 14 ಅಂಕ ಗಳಿಸಿ ಹೊರಗುಳಿದಿತ್ತು.

ಮೂರು: ಪ್ರತಿಸ್ಪರ್ಧಿಗಳು ಯಾರ ಯಾರ ಸಂಗಡ ಆಡಲಿದ್ದಾರೆ? ನಮ್ಮ ಜನ ಬಹಳವಾಗಿ ಮರೆಯುವ ಪ್ರಶ್ನೆ ಇದು. ಒಂದು ಸ್ಥಾನಕ್ಕೆ ಹೊಡೆದಾಡುವ ಎರಡು ತಂಡಗಳು ಎದುರುಬದುರಾದರೆ ಒಂದು ಸೋಲಲೇಬೇಕು. ನಾವು ಕೈಕಟ್ಟಿ ಕುಳಿತಿದ್ದರೂ ಅಲ್ಲಿ ನಮ್ಮ ಕೆಲಸ ಸ್ವಲ್ಪ ಆಗುತ್ತದೆ. ಪರರ ಕೈಯಲ್ಲಿ ನಮ್ಮ ಭಾಗ್ಯವಿರುವುದೂ ಉಂಟು. 2022ರಲ್ಲಿ ಬೆಂಗಳೂರು 16 ಅಂಕ ಗಳಿಸಿ ತನ್ನ ಆಟವನ್ನೆಲ್ಲ ಮುಗಿಸಿ ಕುಳಿತಿತ್ತು. ದಿಲ್ಲಿ ತಂಡ ತನ್ನ ಕೊನೆಯ ಪಂದ್ಯವನ್ನು ಗೆದ್ದಿದ್ದರೆ ಅದಕ್ಕೂ 16 ಆಗಿ, ರನ್ನಿನ ಸರಾಸರಿಯಲ್ಲಿ ಅದೇ ಮುಂದೆ ಹೋಗುತ್ತಿತ್ತು. ಪಟ್ಟಿಯ ತಳದಲ್ಲಿದ್ದ ಮುಂಬಯಿ ಮೇ 21ರಂದು ದಿಲ್ಲಿಯನ್ನು ಸೋಲಿಸಿತು. ಆ ರಾತ್ರಿ ಕನ್ನಡಿಗರ ಮನೆಗಳಲ್ಲಿ ಮುಂಬಯಿಗೆ ಜಯಕಾರ ಬಿದ್ದಿತು.

ನಾಲ್ಕು: ಅಂಕ ಸಮವಾದರೆ ಏನು? ಇಲ್ಲಿ ಬರುವುದೇ ನಿವ್ವಳ ರನ್ ದರ. ಹೆಸರು ದೊಡ್ಡದು, ಲೆಕ್ಕ ಸಣ್ಣದು. ಎಲ್ಲ ಪಂದ್ಯಗಳಲ್ಲಿ ಸೇರಿ ನಾವು ಓವರಿಗೆ ಎಷ್ಟು ರನ್ ಹೊಡೆದೆವು, ಎದುರಾಳಿಗೆ ಓವರಿಗೆ ಎಷ್ಟು ಕೊಟ್ಟೆವು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಬರುವುದೇ ಆ ದರ. ಇದರಲ್ಲಿ ಎರಡು ಸೂಕ್ಷ್ಮಗಳಿವೆ. ತಂಡವೊಂದು 20 ಓವರಿನೊಳಗೆ ಆಲೌಟ್ ಆದರೂ ಅದು ಇಪ್ಪತ್ತನ್ನೂ ಆಡಿತೆಂದೇ ಲೆಕ್ಕ ಹಿಡಿಯುತ್ತಾರೆ. ಇನ್ನು, ಎಷ್ಟು ವಿಕೆಟ್ಟಿನಿಂದ ಗೆದ್ದೆವೆಂಬುದಕ್ಕೆ ಇಲ್ಲಿ ಬೆಲೆಯಿಲ್ಲ. ಎಷ್ಟು ಬೇಗ ಗೆದ್ದೆವೆಂಬುದಕ್ಕೆ ಬೆಲೆ. ಏಪ್ರಿಲ್ 28ರಂದು ಗುಜರಾತ ತಂಡ ಅಹಮದಾಬಾದಿನಲ್ಲಿ 20 ಓವರಿಗೆ 200 ಹೊಡೆಯಿತು, ಓವರಿಗೆ 10. ಬೆಂಗಳೂರು 16 ಓವರಿನಲ್ಲಿಯೇ 206 ಹೊಡೆದು ಮುಗಿಸಿತು, ಓವರಿಗೆ 12.87ರಷ್ಟು. ಅಂಕ ಎರಡೇ ಸಿಕ್ಕರೂ ದರದ ಗಂಟು ದಪ್ಪವಾಯಿತು. ಅದೇ ಏಪ್ರಿಲ್ 21ರ ಒಂದು ರನ್ನಿನ ಸೋಲು ಅಂಕವನ್ನು ಕಸಿದುಕೊಂಡಿತೇ ಹೊರತು ದರವನ್ನು ಹೆಚ್ಚು ಕೆಡಿಸಲಿಲ್ಲ.

ಈ ನಾಲ್ಕು ಪ್ರಶ್ನೆಗಳೂ ಒಂದೇ ರಾತ್ರಿ ಕೂಡಿಬಂದದ್ದು ಮೇ 18ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಐದು ಪಂದ್ಯಗಳನ್ನು ಸಾಲಾಗಿ ಗೆದ್ದು ಬೆಂಗಳೂರು 12ಕ್ಕೆ ಬಂದಿತ್ತು. ಎದುರಿಗೆ 14 ಅಂಕದ ಚೆನ್ನೈ. ಬೆಂಗಳೂರು 218 ರನ್ ಹೊಡೆಯಿತು. ಆದರೆ ಬರಿಯ ಗೆಲುವು ಸಾಲದು, ಕಡಿಮೆಯೆಂದರೆ 18 ರನ್ನಿನ ಅಂತರ ಬೇಕು. ಚೆನ್ನೈಗೆ ಗೆಲ್ಲಲು 219 ಬೇಕಾದರೂ ಮುಂದಿನ ಸುತ್ತಿಗೆ ಹೋಗಲು 201 ಸಾಕು. ಕೊನೆಯ ಓವರಿನಲ್ಲಿ ಅವರಿಗೆ ಬೇಕಾದದ್ದು 17. ಯಶ್ ದಯಾಳರ ಮೊದಲ ಚೆಂಡನ್ನೇ ಧೋನಿಯವರು ಸಿಕ್ಸರಿಗೆ ಎತ್ತಿದರು. ಎರಡನೆಯ ಚೆಂಡಿಗೆ ಔಟಾದರು. ಆ ಓವರಿನಲ್ಲಿ ಬಂದದ್ದು ಒಟ್ಟು 7 ರನ್. ಚೆನ್ನೈ 191ಕ್ಕೆ ನಿಂತಿತು, ಅಂತರ 27.

ಲೀಗ್ ಮುಗಿದಾಗ ಬೆಂಗಳೂರು, ಚೆನ್ನೈ, ದಿಲ್ಲಿ, ಲಖನೌ, ಈ ನಾಲ್ಕಕ್ಕೂ 14 ಅಂಕ. ಬೆಂಗಳೂರಿನ ದರ 0.459, ಚೆನ್ನೈಯದು 0.392. ಆ ಕೂದಲೆಳೆಯ ಅಂತರದಲ್ಲಿ ನಾಲ್ಕನೆಯ ಸ್ಥಾನ ಇತ್ತ ಬಂದಿತು. ಮೇ 22ರಂದು ಮುಂದಿನ ಸುತ್ತಿನಲ್ಲಿ ಇದೇ ಬೆಂಗಳೂರನ್ನು ನಾಲ್ಕು ವಿಕೆಟ್ಟುಗಳಿಂದ ಸೋಲಿಸಿ ಮನೆಗೆ ಕಳಿಸಿದವರು ಯಾರು? ಎರಡನೆಯ ಅರ್ಧದಲ್ಲಿ ಎಡವುತ್ತ ಬಂದಿದ್ದ ಅದೇ ರಾಜಸ್ಥಾನ! ಏರುತ್ತಿದ್ದಾರೆ, ಇನ್ನು ಇವರನ್ನು ತಡೆಯುವವರಿಲ್ಲ ಎಂದವರ ಭವಿಷ್ಯವೂ ಸುಳ್ಳಾಯಿತು.

ಇಷ್ಟೆಲ್ಲ ಹೇಳಲು ಕಾರಣವಿದೆ. ಕಟ್ಟೆಯ ಮೇಲಿನ ಭವಿಷ್ಯ ತಪ್ಪಿದರೆ ನಷ್ಟ ಒಂದು ಕಪ್ಪು ಚಹಾದ್ದು. ಆದರೆ ಪಟ್ಟಿಯನ್ನು ನೋಡಿ “ಇದು ಖಂಡಿತ” ಎಂದು ವಾರದ ಬಟವಾಡೆಯನ್ನೇ ಪಣಕ್ಕಿಡುವ ತರುಣರೂ ಇದ್ದಾರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿತು. ಕಾಯಿದೆ ತನ್ನ ಕೆಲಸ ಮಾಡಲಿ. ಮನೆಯಲ್ಲಿ ನಾವು ಮಾಡಬಹುದಾದ ಕೆಲಸವೆಂದರೆ ಈ ಲೆಕ್ಕವನ್ನು ಮಕ್ಕಳೊಡನೆ ಕುಳಿತು ಮಾಡುವುದು. ಏಳು ಪಂದ್ಯಗಳ ನಂತರ ರಾಜಸ್ಥಾನದ ಮೇಲೆ ಪಣ ಕಟ್ಟಿದವನೂ, ಬೆಂಗಳೂರು ಮುಗಿಯಿತೆಂದು ಪಣ ಕಟ್ಟಿದವನೂ ತಮ್ಮನ್ನು ಜಾಣರೆಂದೇ ತಿಳಿದಿದ್ದರು. ಮೇ ತಿಂಗಳ ಕೊನೆಗೆ ಪ್ರಶಸ್ತಿ ಹೋದದ್ದು ಕೋಲ್ಕತ್ತಕ್ಕೆ.

ಆದುದರಿಂದ, ಮುಂದಿನ ಸಲ ಅರ್ಧ ಪಂದ್ಯಾವಳಿ ಮುಗಿದಾಗ ಮನೆಯ ಹುಡುಗ ಬಂದು ಕೇಳಿದರೆ, “ಮುಗೀತ ಬಿಡು” ಎಂದೂ ಅನ್ನಬೇಡಿ, “ಗೆದ್ದೇ ಗೆಲ್ತಾರ” ಎಂದೂ ಅನ್ನಬೇಡಿ. ಕಾಗದ, ಸೀಸಕಡ್ಡಿ ತರಿಸಿರಿ. ಉಳಿದ ಪಂದ್ಯವೆಷ್ಟು, ಏರಬಹುದಾದ ಅಂಕವೆಷ್ಟು, ಪ್ರತಿಸ್ಪರ್ಧಿಗಳ ಆಟ ಯಾರ ಮೇಲೆ, ದರ ಎಷ್ಟು ಎಂದು ಅವನಿಂದಲೇ ಬರೆಸಿರಿ. ಆಮೇಲೆ, “ಆಗಬಹುದು ತಮ್ಮಾ, ನೋಡೋಣ” ಎನ್ನಿರಿ. ಅರ್ಧ ದಾರಿಯಲ್ಲಿ ನಿಂತವರು ಆಡಬಹುದಾದ ಸತ್ಯದ ಮಾತು ಅಷ್ಟೇ. ಆಟ ನೋಡುವ ಸುಖವೂ ಅದರಲ್ಲಿಯೇ ಇದೆ.