ಭತ್ತದ ಗದ್ದೆಯ ಹಸಿರುಮನೆ ಅನಿಲಗಳ ಲೆಕ್ಕ: ನಿಮ್ಮ ದಾಖಲೆ ಏಕೆ ಮುಖ್ಯ?

ಭಾರತವು 2070ರ ವೇಳೆಗೆ ನಿವ್ವಳ ಶೂನ್ಯ ಹೊರಸೂಸುವಿಕೆಯನ್ನು ತಲುಪುವುದಾಗಿ 2021ರ ಗ್ಲಾಸ್ಗೊ ಸಮ್ಮೇಳನದಲ್ಲಿ ಘೋಷಿಸಿದೆ. ವಾತಾವರಣಕ್ಕೆ ಸೇರುವ ಹಸಿರುಮನೆ ಅನಿಲಗಳ ಪ್ರಮಾಣವು, ವಾತಾವರಣದಿಂದ ಹೀರಲ್ಪಡುವ ಪ್ರಮಾಣಕ್ಕೆ ಸಮನಾಗುವುದೇ ನಿವ್ವಳ ಶೂನ್ಯ. ಇಂತಹ ದೂರದ ಗುರಿಯತ್ತ ಒಂದು ಪ್ರದೇಶವು ಸಾಗುತ್ತಿದೆಯೇ ಎಂದು ತಿಳಿಯಲು ವರ್ಷವರ್ಷವೂ ಲೆಕ್ಕವಿಡಬೇಕು. ತುಂಗಭದ್ರಾ ಅಚ್ಚುಕಟ್ಟಿನಂತಹ ಭತ್ತದ ಪ್ರದೇಶದಲ್ಲಿ ಈ ಲೆಕ್ಕದ ಮೂಲ ನಿಮ್ಮ ಗದ್ದೆಯೇ ಆಗಿದೆ.

ಲೆಕ್ಕ ಹಾಕುವ ವಿಧಾನ

ಪ್ರತಿ ಗದ್ದೆಯಲ್ಲೂ ಉಪಕರಣವಿಟ್ಟು ಅನಿಲವನ್ನು ಅಳೆಯುವುದು ಅಸಾಧ್ಯ. ಆದ್ದರಿಂದ ಬೆಳೆಯ ವಿಸ್ತೀರ್ಣ, ಅವಧಿ, ನೀರಿನ ನಿರ್ವಹಣೆ ಹಾಗೂ ಗೊಬ್ಬರದ ಪ್ರಮಾಣವನ್ನು ನಿಗದಿತ ಗುಣಾಂಕಗಳಿಂದ ಗುಣಿಸಿ ಅಂದಾಜಿಸಲಾಗುತ್ತದೆ.

ಮೀಥೇನ್: ಸದಾ ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕದ ಕೊರತೆಯಿಂದ ಸೂಕ್ಷ್ಮಾಣುಜೀವಿಗಳು ಈ ಅನಿಲವನ್ನು ಉತ್ಪಾದಿಸುತ್ತವೆ. ಐಪಿಸಿಸಿಯ 2019ರ ಪರಿಷ್ಕೃತ ಮಾರ್ಗಸೂಚಿಯ ಪ್ರಕಾರ, ಸಾವಯವ ಗೊಬ್ಬರ ಸೇರಿಸದೆ ಸದಾ ನೀರು ನಿಲ್ಲಿಸಿದ ಗದ್ದೆಗೆ ದಕ್ಷಿಣ ಏಷ್ಯಾದ ಗುಣಾಂಕ ಹೆಕ್ಟೇರಿಗೆ ದಿನಕ್ಕೆ 0.85 ಕಿ.ಗ್ರಾಂ. 120 ದಿನಗಳಿಗೆ ಇದು 102 ಕಿ.ಗ್ರಾಂ ಆಗುತ್ತದೆ. ಹಲವು ಬಾರಿ ನೀರು ಬಸಿದು ಆರಿಸಿದರೆ ಈ ಮೊತ್ತವನ್ನು 0.55ರಿಂದ ಗುಣಿಸುತ್ತಾರೆ; ಆಗ ಸುಮಾರು 56 ಕಿ.ಗ್ರಾಂ.

ನೈಟ್ರಸ್ ಆಕ್ಸೈಡ್: 45 ಕಿ.ಗ್ರಾಂ ಯೂರಿಯಾ ಚೀಲದಲ್ಲಿ ಸುಮಾರು 20.7 ಕಿ.ಗ್ರಾಂ ಸಾರಜನಕವಿರುತ್ತದೆ. ಒಣಬೇಸಾಯದ ಬೆಳೆಗಳಲ್ಲಿ ಇದರ ಶೇ. 1ರಷ್ಟು ನೈಟ್ರಸ್ ಆಕ್ಸೈಡ್ ಆಗುತ್ತದೆಂದು ಸಾಮಾನ್ಯವಾಗಿ ಅಂದಾಜಿಸಲಾಗುತ್ತದೆ. ನೀರು ನಿಂತ ಭತ್ತದಲ್ಲಿ ಈ ಪ್ರಮಾಣ ಕಡಿಮೆ. ಗದ್ದೆಯನ್ನು ಆರಿಸಿದಾಗ ಹೆಚ್ಚುತ್ತದೆ. ಆದ್ದರಿಂದ ನೀರು ಉಳಿಸುವುದರ ಜೊತೆಗೆ ಮಣ್ಣು ಪರೀಕ್ಷೆಯ ಆಧಾರದಲ್ಲಿ ಯೂರಿಯಾವನ್ನು ಕಂತುಗಳಲ್ಲಿ ಕೊಡುವುದೂ ಅವಶ್ಯಕ.

ದಾಖಲೆ ತಪ್ಪಿದರೆ

ನೀವು ಗದ್ದೆಯನ್ನು ಆರಿಸಿ ನೀರು ಕೊಟ್ಟಿದ್ದರೂ ದಾಖಲೆಯಲ್ಲಿ 'ಸದಾ ನೀರು' ಎಂದೇ ಬರೆದಿದ್ದರೆ, ಲೆಕ್ಕದಲ್ಲಿ 102 ಕಿ.ಗ್ರಾಂ ಹಾಗೆಯೇ ಉಳಿಯುತ್ತದೆ. ನಿಮ್ಮ ಶ್ರಮ ಕಾಣುವುದೇ ಇಲ್ಲ. ಇನ್ನೊಂದೆಡೆ, ಜಲಾಶಯದಲ್ಲಿ ನೀರು ಸಾಲದೆ ಬೇಸಿಗೆ ಬೆಳೆಯನ್ನು ಕೈಬಿಟ್ಟ ವರ್ಷ ಒಟ್ಟು ಹೊರಸೂಸುವಿಕೆ ತಾನಾಗಿಯೇ ಇಳಿಯುತ್ತದೆ. ಅದು ಸಾಧನೆಯಲ್ಲ, ರೈತನ ನಷ್ಟ. ಆದ್ದರಿಂದ ಒಟ್ಟು ಮೊತ್ತದೊಡನೆ ಎಕರೆಗೆ ಹಾಗೂ ಕ್ವಿಂಟಾಲ್ ಇಳುವರಿಗೆ ಎಷ್ಟೆಂಬುದನ್ನೂ ನೋಡಬೇಕು. ಗುಣಾಂಕ ಬದಲಾದಾಗ ಹಿಂದಿನ ವರ್ಷಗಳನ್ನೂ ಅದೇ ಗುಣಾಂಕದಿಂದ ಮರುಲೆಕ್ಕ ಹಾಕಬೇಕು. ಇಲ್ಲವಾದರೆ ಹೋಲಿಕೆಗೆ ಅರ್ಥವಿರುವುದಿಲ್ಲ.

ರೈತರು ಬರೆದಿಡಬೇಕಾದ ಅಂಶಗಳು

• ನಾಟಿ ಮತ್ತು ಕಟಾವಿನ ದಿನಾಂಕ, ವಿಸ್ತೀರ್ಣ, ಇಳುವರಿ
• ಗದ್ದೆ ಆರಿಸಿದ ಹಾಗೂ ಮತ್ತೆ ನೀರು ಕಟ್ಟಿದ ದಿನಾಂಕಗಳು
• ಯೂರಿಯಾ, ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರದ ಪ್ರಮಾಣ
• ಹುಲ್ಲನ್ನು ಮಣ್ಣಿಗೆ ಸೇರಿಸಲಾಯಿತೇ, ಸುಡಲಾಯಿತೇ ಎಂಬ ವಿವರ

ಗದ್ದೆಯಲ್ಲಿ ರಂಧ್ರವುಳ್ಳ ಕೊಳವೆಯನ್ನು ಹೂತು, ಅದರೊಳಗಿನ ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ನೀರು ಕೊಡಿರಿ. ಹೂಬಿಡುವ ಹಂತದಲ್ಲಿ ಮಾತ್ರ ಗದ್ದೆಯನ್ನು ಆರಲು ಬಿಡಬಾರದು. ವಿಸ್ತರಣಾ ಕಾರ್ಯಕರ್ತರು ಹಂಗಾಮಿನ ಕೊನೆಯಲ್ಲಿ ಕೇಳಿ ಬರೆದುಕೊಳ್ಳುವುದಕ್ಕಿಂತ, ಪ್ರತಿ ಭೇಟಿಯಲ್ಲೂ ಈ ವಿವರಗಳನ್ನು ಗದ್ದೆಯ ಬದುವಿನಲ್ಲೇ ದಾಖಲಿಸುವುದು ಸೂಕ್ತ.